ಮಳೆಗಾಲದ 61 ದಿನ, ಒಂದು ಅಂತರಿಕ್ಷ ಹಡಗು: ಮನೆಯಲ್ಲೇ ವಿಆರ್ ಶೂಟರ್ ಮಾಡುವುದು ಹೇಗೆ

ಜೂನ್ 1ರಿಂದ ಜುಲೈ 31ರ ತನಕ ಮಲ್ಪೆ ಬಂದರಿನಿಂದ ಟ್ರಾಲ್ ಬೋಟುಗಳು ಹೊರಡುವುದಿಲ್ಲ. 61 ದಿನ ಮೀನುಗಾರಿಕೆಗೆ ರಜೆ. ಒಂದಕ್ಕೊಂದು ಒತ್ತಿ ನಿಂತ ಬೋಟುಗಳ ಮೇಲೆ ಮಳೆ ಹೊಯ್ಯುತ್ತಿರುತ್ತದೆ. ಮನೆಯೊಳಗೆ ಒಣಗದ ಬಟ್ಟೆಯ ವಾಸನೆ. ಹೋದ ವರ್ಷ ಆ ಎರಡು ತಿಂಗಳು ರಾತ್ರಿ ಊಟ ಆದ ಮೇಲೆ ಕೂತು ನಾನೊಂದು ಗೇಮ್ ಮಾಡಿದೆ. ವಿಆರ್, ಅಂದರೆ ವರ್ಚುವಲ್ ರಿಯಾಲಿಟಿ: ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಅದರೊಳಗಿನ ಲೋಕದಲ್ಲಿ ಆಡುವಂಥದ್ದು. ಹಳೇ ಆರ್ಕೇಡ್ ಗೇಮ್‌ಗಳ ಹಾಗೆ ಬರೀ ಹೊಳೆಯುವ ಗೆರೆಗಳಲ್ಲಿ ಬಿಡಿಸಿದ ಅಂತರಿಕ್ಷ ಶೂಟರ್. ಹಡಗು ಮಾತ್ರ ರೆಡಿಮೇಡ್ ಸಿಗುವುದಿಲ್ಲ, ಆಡುವವರೇ ಕಟ್ಟಿಕೊಳ್ಳಬೇಕು.

ನನ್ನ ಹಗಲಿನ ಕೆಲಸ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವುದು. ಗೇಮ್ ಮಾಡಿದ್ದು ಇದೇ ಮೊದಲು. ಹಾಗಾಗಿ ಸ್ವಲ್ಪ ಪ್ರೋಗ್ರಾಮಿಂಗ್ ಗೊತ್ತಿದ್ದು, ಗೇಮ್ ಬಗ್ಗೆ ಏನೂ ಗೊತ್ತಿಲ್ಲದವರಿಗೆ ಇದು ಹೆಚ್ಚು ಉಪಯೋಗಕ್ಕೆ ಬಂದೀತು.

ಬೇಕಾದ ಸಾಮಾನು ಕಡಿಮೆ. ನಾನು ಬಳಸಿದ್ದು ಗೋಡೋ ಎಂಬ ಗೇಮ್ ಇಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್. ಪೂರ್ತಿ ಉಚಿತ, ಮಾಡಿದ ಗೇಮ್ ಮಾರಿದರೂ ಯಾರಿಗೂ ಪಾಲು ಕೊಡಬೇಕಿಲ್ಲ. 2023ರಲ್ಲಿ ಬಂದ 4ನೇ ಆವೃತ್ತಿಯಿಂದ ವಿಆರ್ ಹೆಡ್‌ಸೆಟ್ ಜೊತೆ ಮಾತಾಡುವ ಓಪನ್‌ಎಕ್ಸ್‌ಆರ್ ಅದರೊಳಗೇ ಇದೆ. ಲ್ಯಾಪ್‌ಟಾಪ್ ನನ್ನದು ಹಳೇದು, 8 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹೆಡ್‌ಸೆಟ್ ಮೆಟಾ ಕಂಪನಿಯ ಕ್ವೆಸ್ಟ್ 2. ದುಬೈಯಿಂದ ಬಂದ ಗೆಳೆಯ ಒಂದು ವರ್ಷ ಕಪಾಟಿನಲ್ಲಿಟ್ಟು ಬೇಜಾರಾಗಿ ನನಗೆ ಮಾರಿದ. ಕಂಪ್ಯೂಟರ್ ಜೋಡಿಸದೆ ಅದರೊಳಗೇ ಗೇಮ್ ಓಡುತ್ತದೆ. ಅಂದರೆ ನೀವು ಗೇಮ್ ಮಾಡುತ್ತಿರುವುದು ಮುಖಕ್ಕೆ ಕಟ್ಟಿಕೊಂಡ ಒಂದು ಆಂಡ್ರಾಯ್ಡ್ ಫೋನಿಗೆ ಎಂದುಕೊಳ್ಳಿ. ಮುಂದಿನ ಅರ್ಧ ತೀರ್ಮಾನಗಳು ಇದರ ಮೇಲೇ ನಿಂತಿವೆ.

ಮೊದಲು ಹೆಡ್‌ಸೆಟ್ ಮುಟ್ಟಬೇಡಿ

ನಾನು ಮಾಡಿದ ತಪ್ಪು ಇದು. ಮೊದಲ ದಿನವೇ ಹೆಡ್‌ಸೆಟ್ ಹಾಕಿಕೊಂಡು ಶುರು ಮಾಡಿದೆ. ಒಂದು ಸಣ್ಣ ಬದಲಾವಣೆ ಮಾಡು, ಆಂಡ್ರಾಯ್ಡ್‌ಗೆ ಎಕ್ಸ್‌ಪೋರ್ಟ್ ಮಾಡು, ಹೆಡ್‌ಸೆಟ್ ಹಾಕು, ನೋಡು, ತೆಗೆ. ನಲವತ್ತು ಸಲ ಮಾಡಿದರೆ ಕುತ್ತಿಗೆ ನೋವು ಬಿಟ್ಟು ಬೇರೇನೂ ಸಿಗುವುದಿಲ್ಲ. ಅದರ ಮೇಲೆ ಎರಡು ಸಲ ಕರೆಂಟ್ ಹೋಯಿತು.

ಮಾಮೂಲಿ ಪರದೆಯಲ್ಲೇ ಹಡಗು ಹಾರುವಂತೆ ಮಾಡಿ. ಕೀಬೋರ್ಡ್‌ನಲ್ಲಿ ನಡೆಸಿ. ಒಂದು ರಿಜಿಡ್ ಬಾಡಿ (ತೂಕ, ಬಲದ ಲೆಕ್ಕವನ್ನು ಗೋಡೋ ತಾನೇ ಮಾಡುವ ವಸ್ತು), ಅದರೊಳಗೆ ಒಂದು ಡಬ್ಬ, ಹಿಂದೆ ಒಂದು ಕ್ಯಾಮೆರಾ ಇದ್ದರೆ ಸಾಕು. ಎರಡು ವಿಷಯ ನೆನಪಿರಲಿ. ಗೋಡೋದಲ್ಲಿ ಗುರುತ್ವ ಮೊದಲೇ ಆನ್ ಆಗಿರುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಅದನ್ನು 0 ಮಾಡದಿದ್ದರೆ ನಿಮ್ಮ ಅಂತರಿಕ್ಷ ಹಡಗು ತೆಂಗಿನಕಾಯಿ ಹಾಗೆ ಕೆಳಗೆ ಬೀಳುತ್ತದೆ. ಇನ್ನೊಂದು, ಗೋಡೋಗೆ 'ಮುಂದೆ' ಅಂದರೆ ಝಡ್ ಅಕ್ಷದ ಮೈನಸ್ ದಿಕ್ಕು. ನನ್ನ ಮೊದಲ ಗುಂಡು ಸೀದಾ ನನ್ನ ಎದೆಯ ಮೂಲಕ ಹಿಂದಕ್ಕೆ ಹೋಯಿತು.

ಪರದೆಯಲ್ಲಿ ಎಲ್ಲ ಸರಿಯಾದ ಮೇಲೆ ವಿಆರ್ ಸೇರಿಸುವುದು ಒಂದು ಸಂಜೆಯ ಕೆಲಸ. ಸೆಟ್ಟಿಂಗ್‌ನಲ್ಲಿ ಓಪನ್‌ಎಕ್ಸ್‌ಆರ್ ಆನ್ ಮಾಡಿ. ಎಕ್ಸ್‌ಆರ್ ಒರಿಜಿನ್ ಎಂಬ ನೋಡ್ (ಗೋಡೋದಲ್ಲಿ ಗೇಮಿನ ಒಂದೊಂದು ತುಂಡಿಗೂ ನೋಡ್ ಎನ್ನುತ್ತಾರೆ) ಹಾಕಿ, ಅದರ ಕೆಳಗೆ ಎಕ್ಸ್‌ಆರ್ ಕ್ಯಾಮೆರಾ, ಎರಡು ಕೈಗೆ ಎರಡು ಕಂಟ್ರೋಲರ್ ನೋಡ್ ಇಡಿ. ಆ ಒರಿಜಿನ್ ನೋಡನ್ನು ಹಡಗಿನ ಸೀಟಿನ ಜಾಗದಲ್ಲಿ ಕೂರಿಸಿ. ಗೋಡೋದಲ್ಲಿ ಒಂದು ಯೂನಿಟ್ ಎಂದರೆ ಒಂದು ಮೀಟರ್. ವಿಆರ್‌ನಲ್ಲಿ ಈ ಅಳತೆ ನಿಜವಾಗಿಯೂ ಕಣ್ಣಿಗೆ ಗೊತ್ತಾಗುತ್ತದೆ, ಅಂದಾಜಿನಲ್ಲಿ ಹಾಕಿದರೆ ಸ್ಟೀರಿಂಗ್ ಕೈಗೆ ಎಟುಕುವುದಿಲ್ಲ.

ಆಗುಂಬೆ ಘಾಟಿ ಕಾಯಿಲೆ

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಒಂದರಲ್ಲಾದರೂ ನಾನು ವಾಂತಿ ಮಾಡದೆ ಮೇಲೆ ಹೋದ ನೆನಪಿಲ್ಲ. ಬಸ್ಸಿನಲ್ಲಿ ಕಿವಿಯೊಳಗಿನ ಸಮತೋಲನದ ಅಂಗ 'ತಿರುಗುತ್ತಿದ್ದೇವೆ' ಎನ್ನುತ್ತದೆ, ಕಣ್ಣು ಮಾತ್ರ ಮುಂದಿನ ಸೀಟನ್ನೇ ನೋಡುತ್ತಿರುತ್ತದೆ. ವಿಆರ್‌ನಲ್ಲಿ ಇದರ ಉಲ್ಟಾ. ಕಣ್ಣು 'ತಿರುಗುತ್ತಿದ್ದೇವೆ' ಎನ್ನುತ್ತದೆ, ಕಿವಿಯ ಪ್ರಕಾರ ನೀವು ಕುರ್ಚಿಯಲ್ಲಿ ಸುಮ್ನೆ ಕೂತಿದ್ದೀರಿ. ಹೊಟ್ಟೆಗೆ ಎರಡೂ ಒಂದೇ.

ಮದ್ದು ಹಡಗಿನಲ್ಲೇ ಇದೆ. ನಿಮ್ಮ ಸುತ್ತ ಕಾಕ್‌ಪಿಟ್ ಕಟ್ಟಿ. ದಪ್ಪ ಕಂಬ, ಮುಂದೆ ಡ್ಯಾಶ್‌ಬೋರ್ಡ್, ಎಡ ಬಲ ಕಿಟಕಿಯ ಚೌಕಟ್ಟು. ಇವು ತಲೆಯ ಜೊತೆ ಅಲ್ಲ, ಹಡಗಿನ ಜೊತೆ ಇರಬೇಕು. ಹೊರಗೆ ನಕ್ಷತ್ರ ಸುತ್ತಿದರೂ ಹತ್ತಿರದ ಕಂಬ ಅಲುಗದೆ ನಿಂತಿದ್ದರೆ ಮಿದುಳು 'ನಾನು ಕೂತಿದ್ದೇನೆ' ಎಂದು ಒಪ್ಪಿಕೊಳ್ಳುತ್ತದೆ. ನಾನು ಮೊದಲು ಚೆಂದಕ್ಕೆ ಇಡೀ ಗಾಜಿನ ಗುಮ್ಮಟ ಮಾಡಿದ್ದೆ. ಐದು ನಿಮಿಷ ಆಡಿ ಅಂಗಳಕ್ಕೆ ಓಡಿದೆ.

ಹಡಗು ತಿರುಗುವ ವೇಗಕ್ಕೂ ಮಿತಿ ಹಾಕಿ. ಸೆಕೆಂಡಿಗೆ 45 ಡಿಗ್ರಿ ನನಗೆ ಸರಿಯಾಯಿತು. ಆಟಗಾರರ ತಲೆಯನ್ನು ಕೋಡ್‌ನಿಂದ ಎಂದೂ ತಿರುಗಿಸಬೇಡಿ, ಅಲುಗಾಡಿಸಬೇಡಿ. ಗುಂಡು ತಾಗಿದಾಗ ಕ್ಯಾಮೆರಾ ಕುಣಿಸುವುದು ಮಾಮೂಲಿ ಗೇಮ್‌ಗಳ ಚಾಳಿ, ಇಲ್ಲಿ ಬೇಡ. ಬದಲಿಗೆ ಕಂಟ್ರೋಲರ್ ಗುಂಯ್‌ಗುಡಲಿ, ಡ್ಯಾಶ್‌ಬೋರ್ಡ್ ದೀಪ ಕೆಂಪಾಗಲಿ. ಆಡುವಾಗ ಮುಖಕ್ಕೆ ಫ್ಯಾನ್ ಗಾಳಿ ಬರುವ ಹಾಗೆ ಕೂತರೆ ನನಗೆ ಓಕರಿಕೆ ಕಡಿಮೆ. ಕುರ್ಚಿ ಚಕ್ರ ಇಲ್ಲದ್ದಾಗಲಿ, ನಯವಾದ ಕೆಂಪು ಗಾರೆ ನೆಲದಲ್ಲಿ ಚಕ್ರದ ಕುರ್ಚಿ ತಾನೇ ಒಂದು ಅಂತರಿಕ್ಷ ಹಡಗು.

ಗೆರೆಗಳ ಲೆಕ್ಕ

ಹಳೇ ಶೈಲಿ ಯಾಕೆ ಎಂದು ನನ್ನನ್ನು ಕೇಳಿದವರಿದ್ದಾರೆ. ಹಳೇ ನೆನಪಿನ ಪ್ರೀತಿ ಸ್ವಲ್ಪ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಮುಖ್ಯ ಕಾರಣ ಬಡತನ. ಹೆಡ್‌ಸೆಟ್ ಸೆಕೆಂಡಿಗೆ 72 ಸಲ ಚಿತ್ರ ಬದಲಿಸುತ್ತದೆ. ಅಂದರೆ ಒಂದು ಚಿತ್ರಕ್ಕೆ ಸುಮಾರು 13.9 ಮಿಲಿಸೆಕೆಂಡ್, ಅದರೊಳಗೆ ಎರಡು ಕಣ್ಣಿಗೆ ಎರಡು ಚಿತ್ರ. ತಡವಾದರೆ ನಕ್ಷತ್ರಗಳು ನಡುಗುತ್ತವೆ, ಮತ್ತೆ ಆಗುಂಬೆ ಘಾಟಿ.

ಆ ಕಾಲದವರಿಗೂ ಇದೇ ಕಷ್ಟ ಇತ್ತು. 1962ರಲ್ಲಿ ಎಂಐಟಿಯ ಹುಡುಗರು ಪಿಡಿಪಿ-1 ಕಂಪ್ಯೂಟರಿನಲ್ಲಿ ಸ್ಪೇಸ್‌ವಾರ್ ಮಾಡಿದಾಗ ಎರಡು ಪುಟ್ಟ ಹಡಗು, ನಡುವೆ ಎಳೆಯುವ ಒಂದು ನಕ್ಷತ್ರ, ಅಷ್ಟೇ ಸಾಕಾಯಿತು. 1979ರ ಆಸ್ಟರಾಯ್ಡ್ಸ್‌ನ ಪರದೆಯಲ್ಲಿ ಚುಕ್ಕಿಗಳ ಚೌಕವೇ ಇಲ್ಲ, ಎಲೆಕ್ಟ್ರಾನ್ ಕಿರಣ ಸೀದಾ ಗೆರೆ ಎಳೆಯುತ್ತದೆ. ಅದರ ಆ ಚೂಪಾದ ಹೊಳಪು ಬಂದದ್ದು ಅದರಿಂದ. ನನಗೆ ಜಾಸ್ತಿ ಇಷ್ಟವಾದ ಕಥೆ 1978ರ ಸ್ಪೇಸ್ ಇನ್ವೇಡರ್ಸ್‌ನದ್ದು. ಶತ್ರುಗಳು ಸಾಯುತ್ತಾ ಹೋದ ಹಾಗೆ ಉಳಿದವರು ಜೋರಾಗಿ ಓಡುತ್ತಾರಲ್ಲ, ಅದಕ್ಕೆ ಕಾರಣ ಬಿಡಿಸಬೇಕಾದ ಶತ್ರುಗಳು ಕಡಿಮೆಯಾಗಿ ಪ್ರೊಸೆಸರ್‌ಗೆ ಉಸಿರಾಡಲು ಆಗಿದ್ದು. ಮಾಡಿದವರು ಅದನ್ನು ಹಾಗೇ ಬಿಟ್ಟರು, ಆಟಕ್ಕೆ ಕಳೆ ಬಂತು.

ನಮ್ಮ ಕೆಲಸಕ್ಕೆ ಬಂದರೆ, ಒಂದು ಪಿಕ್ಸೆಲ್ ದಪ್ಪದ ಗೆರೆ ವಿಆರ್‌ನಲ್ಲಿ ಆಗುವುದಿಲ್ಲ. ನಿಮ್ಮ ತಲೆ ಯಾವಾಗಲೂ ಸ್ವಲ್ಪ ಅಲುಗುತ್ತದೆ, ಗೆರೆ ಇರುವೆ ಸಾಲಿನಂತೆ ಹರಿದಾಡುತ್ತದೆ. ಗೆರೆಯನ್ನು ತೆಳು ಕೋಲಿನಂತೆ, ಅಂದರೆ ನಿಜವಾದ ದಪ್ಪ ಇರುವ ಮೆಶ್ (ಮೂರು ಆಯಾಮದ ಆಕಾರ) ಆಗಿ ಮಾಡಿ. ಗೆರೆಯ ಅಂಚು ನಯ ಮಾಡುವ ಎಂಎಸ್‌ಎಎ ಸೆಟ್ಟಿಂಗನ್ನು ನಾಲ್ಕು ಪಟ್ಟಿಗೆ ಆನ್ ಮಾಡಿ. ಹಿನ್ನೆಲೆಗೆ ಪೂರ್ತಿ ಕಪ್ಪು ಹಾಕಬೇಡಿ. ಕ್ವೆಸ್ಟ್ 2ರ ಎಲ್‌ಸಿಡಿ ಪರದೆಯಲ್ಲಿ ಕಪ್ಪು ಅಂದರೆ ಬೂದಿ ಬಣ್ಣ. ಆಷಾಢದ ಸಂಜೆ ಸಮುದ್ರದ ಮೇಲಿರುತ್ತದಲ್ಲ, ಅಂಥ ಕಡುನೀಲಿ ಹಾಕಿದರೆ ಬೇಕೆಂದೇ ಹಾಗೆ ಮಾಡಿದಂತೆ ಕಾಣುತ್ತದೆ.

ದೂರದ ನಕ್ಷತ್ರ ಎಷ್ಟು ಹಾಕಿದರೂ ವೇಗ ಗೊತ್ತಾಗುವುದಿಲ್ಲ. ಅವು ಅಲುಗುವುದೇ ಇಲ್ಲವಲ್ಲ. ಹಡಗಿನ ಸುತ್ತ ಹತ್ತಿಪ್ಪತ್ತು ಮೀಟರ್ ಒಳಗೆ ಸಣ್ಣ ಧೂಳಿನ ಕಣ ತೇಲಿಸಿ. ರಾತ್ರಿ ಬೈಕಿನ ಹೆಡ್‌ಲೈಟಿಗೆ ಮಳೆಹನಿ ಎದುರಾಗುವ ಹಾಗೆ ಅವು ಬರುತ್ತವೆ, ಆಗಲೇ ಹಡಗು ಓಡಿದಂತೆ ಅನಿಸುವುದು.

ಗುಂಡು ಮತ್ತು ಗುರಿ

ಒಂದು ಸಣ್ಣ ಪ್ರಯೋಗ ಮಾಡಿ. ತೋರುಬೆರಳನ್ನು ಮುಖದ ಮುಂದೆ ಹಿಡಿದು ದೂರದ ತೆಂಗಿನಮರದ ತುದಿ ನೋಡಿ. ಬೆರಳು ಎರಡಾಗಿ ಕಾಣುತ್ತದೆ. ಗುರಿಯ ಗುರುತನ್ನು ಕಾಕ್‌ಪಿಟ್ ಗಾಜಿನ ಮೇಲೆ ಅಂಟಿಸಿದರೆ ಇದೇ ಆಗುವುದು. ಶತ್ರುವನ್ನು ನೋಡಿದರೆ ಗುರುತು ಎರಡು, ಗುರುತನ್ನು ನೋಡಿದರೆ ಶತ್ರು ಇಬ್ಬರು. ಗುರುತನ್ನು 100 ಮೀಟರ್ ಆಚೆ ಇಟ್ಟು, ದೊಡ್ಡದು ಮಾಡಿ. ಸರಿಹೋಗುತ್ತದೆ. ಇದು ಗೊತ್ತಾಗದೆ ನಾನು ನಾಲ್ಕು ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕೇನೋ ಎಂದು ಯೋಚಿಸುತ್ತಿದ್ದೆ.

ಗುಂಡಿನ ವೇಗ ಸೆಕೆಂಡಿಗೆ 300 ಮೀಟರ್ ಇದ್ದರೆ ಒಂದು ಫ್ರೇಮಿಗೆ, ಅಂದರೆ ಒಂದು ಚಿತ್ರಕ್ಕೆ, ಅದು ನಾಲ್ಕು ಮೀಟರಿಗಿಂತ ಜಾಸ್ತಿ ಜಿಗಿಯುತ್ತದೆ. ಎರಡು ಮೀಟರ್ ಅಗಲದ ಶತ್ರುವಿನ ಈಚೆ ಒಮ್ಮೆ, ಆಚೆ ಒಮ್ಮೆ, ನಡುವೆ ಇಲ್ಲವೇ ಇಲ್ಲ. ಹಿಂದಿನ ಜಾಗದಿಂದ ಈಗಿನ ಜಾಗಕ್ಕೆ ಒಂದು ಕಿರಣ ಎಳೆದು ಅದು ಏನಕ್ಕಾದರೂ ತಾಗಿತಾ ನೋಡಿ, ಗೋಡೋದಲ್ಲಿ ರೇಕಾಸ್ಟ್ ಇದೆ. ಫಿಸಿಕ್ಸ್ ಲೆಕ್ಕ ಮೊದಲಿಗೆ ಸೆಕೆಂಡಿಗೆ 60 ಸಲ ಇರುತ್ತದೆ, ಅದನ್ನೂ 72 ಮಾಡಿ. ಇಲ್ಲದಿದ್ದರೆ ಎಲ್ಲವೂ ಸಣ್ಣಗೆ ತಡವರಿಸುತ್ತದೆ. ಗುಂಡುಗಳನ್ನು ಪ್ರತಿ ಸಲ ಹೊಸದಾಗಿ ಹುಟ್ಟಿಸಬೇಡಿ. 64 ಗುಂಡು ಮೊದಲೇ ಮಾಡಿಟ್ಟು, ಖಾಲಿಯಾದ್ದನ್ನೇ ಮತ್ತೆ ಬಳಸಿ. ಮದುವೆ ಮನೆಯ ಬಾಡಿಗೆ ಲೋಟದ ಹಾಗೆ.

ಸದ್ದಿಗೆ ದುಡ್ಡು ಖರ್ಚು ಮಾಡಬೇಡಿ. ನನ್ನ ಇಂಜಿನ್ ಸದ್ದು ಬಂದರಿನಲ್ಲಿ ಫೋನಿನಲ್ಲಿ ಹಿಡಿದ ಬೋಟಿನ ಡೀಸೆಲ್ ಇಂಜಿನ್. ಅದನ್ನು 11025 ಹರ್ಟ್ಸ್, 8 ಬಿಟ್‌ಗೆ ಇಳಿಸಿದೆ. ಒರಟೊರಟಾಗಿ ಚೆನ್ನಾಗಿದೆ.

ಹಡಗು ಕಟ್ಟುವುದು

ಇಲ್ಲಿ ಸಮಯ ಹಾಕಿ. ಗುಂಡು ಹಾರಿಸುವುದು ಹತ್ತು ನಿಮಿಷದಲ್ಲಿ ಹಳೇದಾಗುತ್ತದೆ. ಕಟ್ಟುವುದು ಆಗುವುದಿಲ್ಲ.

ನಾನು ಮಾಡಿದ್ದು ಹೀಗೆ. ಆಟಗಾರರ ಮುಂದೆ 75 ಸೆಂಟಿಮೀಟರ್ ಎತ್ತರದ ಒಂದು ಮೇಜು. ಅದರ ಮೇಲೆ 10 ಸೆಂಟಿಮೀಟರ್ ಅಳತೆಯ ಡಬ್ಬಗಳು: ಕಾಕ್‌ಪಿಟ್, ಇಂಜಿನ್, ಗನ್, ಬ್ಯಾಟರಿ, ಖಾಲಿ ತಗಡು. ಕೈಯಲ್ಲಿ ಹಿಡಿದು ತಂದು ಬಿಟ್ಟರೆ ಹತ್ತಿರದ ಚೌಕಕ್ಕೆ ತಾನೇ ಕೂರುತ್ತದೆ. ತಿರುಗಿಸುವುದು 90 ಡಿಗ್ರಿಗೆ ಮಾತ್ರ. ಮುಗಿದ ಮೇಲೆ ಒಂದು ಗುಂಡಿ ಒತ್ತಿದರೆ ಇಡೀ ಹಡಗು ಹತ್ತು ಪಟ್ಟು ದೊಡ್ಡದಾಗಿ, ನೀವು ಅದರೊಳಗೆ ಕೂತಿರುತ್ತೀರಿ. ಈಗಷ್ಟೇ ಬೆರಳಲ್ಲಿ ಹಿಡಿದಿದ್ದ ಗನ್ ಕಿಟಕಿಯ ಹೊರಗೆ ಒಂದು ಮೀಟರ್ ಎತ್ತರ ನಿಂತಿರುತ್ತದೆ. ಮಾಮೂಲಿ ಪರದೆಯಲ್ಲಿ ಈ ಖುಷಿ ಸಿಗುವುದಿಲ್ಲ ಮಾರಾಯ್ರೆ.

ಡಬ್ಬಗಳ ಲೆಕ್ಕ ಇಡಲು ಒಂದು ಡಿಕ್ಷನರಿ ಸಾಕು. ಚೌಕದ ವಿಳಾಸ ಮೂರು ಅಂಕಿ, ಅಲ್ಲಿ ಯಾವ ಡಬ್ಬ ಇದೆ ಎನ್ನುವುದು ಬೆಲೆ. ಕಣ್ಣಿಗೆ ತೋರಿಸುವಾಗ ಒಂದೊಂದು ಡಬ್ಬಕ್ಕೆ ಒಂದೊಂದು ನೋಡ್ ಮಾಡಬೇಡಿ. 120 ಡಬ್ಬದ ಹಡಗಿಗೆ ನನ್ನ ಹೆಡ್‌ಸೆಟ್ ಮುಗ್ಗರಿಸಿತು. ಒಂದೇ ಜಾತಿಯ ಡಬ್ಬಗಳನ್ನೆಲ್ಲ ಒಂದು ಮಲ್ಟಿಮೆಶ್‌ಗೆ ಹಾಕಿದರೆ ಒಂದೇ ಸಲಕ್ಕೆ ಬಿಡಿಸಿಬಿಡುತ್ತದೆ.

ಹಾರುವ ಹಡಗು ಸಿದ್ಧವಾದ ದಿನ ಅಪ್ಪನಿಗೆ ಹೆಡ್‌ಸೆಟ್ ಹಾಕಿದೆ. ಅಪ್ಪ ಮೂವತ್ತು ವರ್ಷ ಮರದ ಬೋಟು ಕಟ್ಟಿದವರು, ಈಗ ಫೈಬರ್, ಸ್ಟೀಲ್ ಬಂದ ಮೇಲೆ ಮನೆಯಲ್ಲಿದ್ದಾರೆ. ನನ್ನ ಹಡಗನ್ನು ಮೇಜಿನಿಂದ ಎತ್ತಿದವರು ಮೊದಲು ಮಾಡಿದ ಕೆಲಸ ಅದನ್ನು ಮಗುಚಿ ಹಾಕಿ ಅಡಿ ನೋಡಿದ್ದು. ಆಮೇಲೆ ತುದಿಯಿಂದ ಕಣ್ಣಿಟ್ಟು ನೋಡಿದರು, ಹಲಗೆ ನೆಟ್ಟಗಿದೆಯಾ ಎಂದು ನೋಡುವ ಹಾಗೆ.

"ಬಲಕ್ಕೆ ಭಾರ ಉಂಟಲ್ಲ ಇದು. ನೀರಿಗೆ ಬಿಟ್ಟರೆ ವಾಲುತ್ತದೆ."

"ಅಪ್ಪ, ಅಲ್ಲಿ ನೀರೇ ಇಲ್ಲ" ಎಂದು ನಾನು ನಕ್ಕೆ. ನನ್ನ ಗೇಮಿನಲ್ಲಿ ಆಗ ಡಬ್ಬಗಳಿಗೆ ತೂಕವೇ ಇರಲಿಲ್ಲ, ಎಲ್ಲ ಹಡಗೂ ಒಂದೇ ರೀತಿ ಹಾರುತ್ತಿದ್ದವು. ರಾತ್ರಿ ಮಲಗಿದಾಗ ಹೊಳೆಯಿತು. ನೀರಿಲ್ಲದಿದ್ದರೂ ವಾಲಬೇಕು. ಇಲ್ಲದಿದ್ದರೆ ಕಟ್ಟುವುದಕ್ಕೆ ಅರ್ಥ ಏನು, ಸುಮ್ನೆ ಬಣ್ಣ ಬಳಿದ ಹಾಗೆ ಅಲ್ವಾ?

ಲೆಕ್ಕ ಸುಲಭ. ಪ್ರತಿ ಡಬ್ಬದ ತೂಕವನ್ನು ಅದರ ದೂರದಿಂದ ಗುಣಿಸಿ, ಎಲ್ಲ ಕೂಡಿ, ಒಟ್ಟು ತೂಕದಿಂದ ಭಾಗಿಸಿ. ಅದು ಭಾರದ ನಡುಬಿಂದು. ನನ್ನ ಆ ಹಡಗನ್ನೇ ನೋಡಿ. ಕಾಕ್‌ಪಿಟ್ ತೂಕ 4, ನಡುವೆ. ಇಂಜಿನ್ ತೂಕ 6, ಅದೂ ನಡುಗೆರೆಯಲ್ಲಿ. ದೊಡ್ಡ ಗನ್ ತೂಕ 5, ಬಲಕ್ಕೆ ಮೂರನೇ ಚೌಕದಲ್ಲಿ. 5 ಸಲ 3 ಅಂದರೆ 15, ಒಟ್ಟು ತೂಕವೂ 15. ನಡುಬಿಂದು ಒಂದು ಚೌಕ ಬಲಕ್ಕೆ ಸರಿದಿದೆ. ಇಂಜಿನ್ ಅದರ ಎಡದಲ್ಲಿ ನಿಂತು ನೂಕುತ್ತದೆ, ಮೂತಿ ಬಲಕ್ಕೆ ತಿರುಗುತ್ತಲೇ ಇರುತ್ತದೆ. ಸರಿ ಮಾಡಲು ಎಡಕ್ಕೆ ಮೂರನೇ ಚೌಕದಲ್ಲಿ 5ರ ತೂಕ ಇಡಬಹುದು, ಇಲ್ಲವೇ 3ರ ಬ್ಯಾಟರಿಯನ್ನು ಐದನೇ ಚೌಕಕ್ಕೆ ಒಯ್ಯಬಹುದು. ಎರಡನೆಯದು ಹಗುರ, ಆದರೆ ತೂಕ ತುದಿಗೆ ಹೋದಷ್ಟೂ ಹಡಗು ತಿರುಗಲು ಸೋಮಾರಿಯಾಗುತ್ತದೆ. ಯಾವುದು ಬೇಕು ಎಂದು ಯೋಚಿಸುವುದೇ ಆಟ.

ಗೋಡೋದಲ್ಲಿ ರಿಜಿಡ್ ಬಾಡಿಯ ಸೆಂಟರ್ ಆಫ್ ಮಾಸ್ ಅನ್ನು ಕಸ್ಟಮ್ ಮಾಡಿ ಈ ಬಿಂದು ಕೊಡಿ. ಇಂಜಿನ್ ಎಲ್ಲಿದೆಯೋ ಅಲ್ಲೇ ಬಲ ಹಾಕಿ, ಮೂತಿ ತಿರುಗುವುದನ್ನು ಅದೇ ನೋಡಿಕೊಳ್ಳುತ್ತದೆ. ಆದರೆ ಗಿರಗಿರ ಸುತ್ತುವ ಹಡಗಿನೊಳಗೆ ಮನುಷ್ಯರು ಕೂತಿರುತ್ತಾರೆ ಎನ್ನುವುದು ಮರೆಯಬೇಡಿ. ಅದಕ್ಕೇ ಮೇಜಿನ ಮೇಲೆಯೇ ಹಡಗಿನೊಳಗೆ ಒಂದು ಹಳದಿ ಗೋಲಿ ತೋರಿಸಿ, ಅದು ಭಾರದ ನಡುಬಿಂದು. ಇಂಜಿನ್ ನೂಕುವ ಸಾಲಿಗೆ ಒಂದು ನೀಲಿ ಬಾಣ. ಬಾಣ ಗೋಲಿಯ ಮೂಲಕ ಹೋದರೆ ಹಡಗು ನೆಟ್ಟಗೆ. ಡಬ್ಬ ಸೇರಿಸಿದಾಗ ಗೋಲಿ ಕಣ್ಣೆದುರೇ ಜಾರುತ್ತದೆ. ಯಾರಿಗೂ ಲೆಕ್ಕ ಹೇಳಿಕೊಡಬೇಕಿಲ್ಲ.

ಇನ್ನೊಂದೇ ಉಳಿದದ್ದು, ಒಡೆಯುವುದು. ಗುಂಡು ತಾಗಿ ನಡುವಿನ ಡಬ್ಬ ಹೋದರೆ ಆಚೆಯ ರೆಕ್ಕೆ ಗಾಳಿಯಲ್ಲಿ ನಿಲ್ಲಬಾರದು. ಕಾಕ್‌ಪಿಟ್ ಡಬ್ಬಕ್ಕೆ ನೀರು ಸುರಿದಿರಿ ಎಂದುಕೊಳ್ಳಿ. ಅಂಟಿಕೊಂಡ ಡಬ್ಬಕ್ಕೆ ನೀರು ಹರಿಯುತ್ತದೆ, ಅಲ್ಲಿಂದ ಅದರ ಪಕ್ಕದ್ದಕ್ಕೆ. ಕೊನೆಗೂ ಒಣಗಿ ಉಳಿದ ಡಬ್ಬಗಳು ಕಳಚಿ ತೇಲಿಹೋಗಲಿ. ಆಮೇಲೆ ನಡುಬಿಂದುವಿನ ಲೆಕ್ಕ ಮತ್ತೆ ಮಾಡಿ. ಒಂದು ರೆಕ್ಕೆ ಕಳೆದುಕೊಂಡ ಹಡಗನ್ನು ಮನೆಗೆ ತರುವುದು ನನ್ನ ಗೇಮಿನ ಅತಿ ಕಷ್ಟದ, ಅತಿ ಚೆಂದದ ಭಾಗ. ಅದಕ್ಕೆ ಬೇರೆ ಕೋಡ್ ಬರೆಯಲೇ ಇಲ್ಲ.

ಹೆಡ್‌ಸೆಟ್ ಉಳಿಸಿಕೊಳ್ಳುವುದು

ನಮ್ಮ ಕರಾವಳಿಗೆ ಇದು ಬೇರೆಯೇ ಹೇಳಬೇಕು. ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುತ್ತದೆ, ಲೆನ್ಸ್ ಬಿಡುತ್ತದಾ? ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬೆವರಿನ ಸ್ಪಂಜು ಒಣಗಿದ ಮೇಲೆಯೇ ಒಳಗೆ ಹಾಕಿ. ಲೆನ್ಸಿಗೆ ಮಬ್ಬು ಕಟ್ಟಿದರೆ ಹೆಡ್‌ಸೆಟ್ ಆನ್ ಮಾಡಿ ಎರಡು ನಿಮಿಷ ಬಿಟ್ಟರೆ ಬಿಸಿಯಾಗಿ ಹೋಗುತ್ತದೆ. ಒರೆಸಲು ಒಣ ಮೈಕ್ರೋಫೈಬರ್ ಬಟ್ಟೆ ಮಾತ್ರ, ಸ್ಯಾನಿಟೈಸರ್ ಬೇಡ. ಒಣಗಲಿ ಎಂದು ಬಿಸಿಲಿಗೆ ಮಾತ್ರ ಇಡಬೇಡಿ. ಲೆನ್ಸ್ ಭೂತಗನ್ನಡಿಯ ಕೆಲಸ ಮಾಡಿ ಒಳಗಿನ ಪರದೆ ಸುಟ್ಟುಹೋಗುತ್ತದೆ.

ಕೊಟ್ಟು ನೋಡಿ

ಕಟ್ಟಿದ ಹಡಗುಗಳನ್ನು ಜೇಸನ್ ಫೈಲ್ ಆಗಿ ಉಳಿಸುವಂತೆ ಮಾಡಿ, ವಾಟ್ಸಾಪ್‌ನಲ್ಲೇ ಕಳಿಸಬಹುದು. ಅಕ್ಕನ ಮಗನಿಗೆ ಹದಿನಾಲ್ಕು, ಸುರತ್ಕಲ್‌ನಲ್ಲಿದ್ದಾನೆ. ನಾಗರಪಂಚಮಿಗೆ ಬಂದಾಗ ಅವನಿಗೆ ಗೇಮ್ ಕೊಟ್ಟು ನಾನು ಪಕ್ಕದಲ್ಲಿ ಬಾಯಿ ಮುಚ್ಚಿ ಕೂತೆ. ಹೇಳಿಕೊಡಬಾರದು, ಎಲ್ಲಿ ತಡವರಿಸುತ್ತಾರೆ ಎಂದು ಬರೆದುಕೊಳ್ಳಬೇಕು ಅಷ್ಟೇ.

ಅವನು ಇಂಜಿನ್ ಎತ್ತಿ ಬದಿಗಿಟ್ಟ. ಹತ್ತು ಗನ್ ತೆಗೆದುಕೊಂಡು ಎಲ್ಲವನ್ನೂ ಹಿಂದಕ್ಕೆ ಮುಖ ಮಾಡಿ ಜೋಡಿಸಿದ.

"ಮಾಮ, ಗುಂಡು ಹೊಡೆದರೆ ಹಡಗು ಹಿಂದೆ ತಳ್ಳುತ್ತದೆ ಅಲ್ವಾ?"

ಹೌದು, ಗನ್‌ಗೆ ಹಿಂದೊದೆತ ನಾನೇ ಹಾಕಿದ್ದೆ, ನಿಜ ಇರಲಿ ಎಂದು. ಅವನು ಹತ್ತೂ ಗನ್ ಒಟ್ಟಿಗೆ ಹಾರಿಸಿದ. ಹಡಗು ಮುಂದಕ್ಕೆ ಚಿಮ್ಮಿತು, ನನ್ನ ಯಾವ ಇಂಜಿನ್ ಕೊಡುವುದಕ್ಕಿಂತಲೂ ಜೋರಾಗಿ. ಬೆನ್ನಟ್ಟಿ ಬಂದ ಶತ್ರುಗಳೆಲ್ಲ ಆ ಗುಂಡಿಗೆ ಸಿಕ್ಕಿ ಸತ್ತರು. ಹಳದಿ ಗೋಲಿ ಹತ್ತು ಗನ್‌ಗಳ ನಡುಗೆರೆಯ ಮೇಲೆ ಕರೆಕ್ಟಾಗಿ ಕೂತಿತ್ತು.

ಅದನ್ನು ಸರಿಪಡಿಸಬೇಕು ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಆಮೇಲೆ ಆ ಸಾಲು ಹೊಡೆದುಹಾಕಿದೆ.